ಗಡಿಯಾರ ನೋಡಿ ಬರುವ ತಲೆನೋವು

ಮಲಗಿ ಒಂದೆರಡು ಗಂಟೆಯಾಗಿರುತ್ತದೆ. ಇದ್ದಕ್ಕಿದ್ದಂತೆ ಒಂದೇ ಕಣ್ಣಿನ ಹಿಂದೆ ಕಾದ ಸಲಾಕೆ ಚುಚ್ಚಿದಂಥ ನೋವು. ಆ ಕಣ್ಣು ಕೆಂಪಾಗಿ ನೀರು ಸುರಿಯುತ್ತದೆ, ಅದೇ ಕಡೆಯ ಮೂಗು ಕಟ್ಟುತ್ತದೆ ಇಲ್ಲವೇ ಸೋರುತ್ತದೆ, ರೆಪ್ಪೆ ಜೋಲುತ್ತದೆ. ಅರೆತಲೆನೋವು ಬಂದವರು ಕತ್ತಲೆ ಕೋಣೆಯಲ್ಲಿ ಅಲುಗಾಡದೆ ಮಲಗುತ್ತಾರೆ. ಇವರು ಕೂರಲಾಗದೆ, ನಿಲ್ಲಲಾಗದೆ ಅತ್ತಿಂದಿತ್ತ ಓಡಾಡುತ್ತಾರೆ. ಗೋಡೆಗೆ ತಲೆ ಚಚ್ಚಿಕೊಳ್ಳುವವರೂ ಇದ್ದಾರೆ. ಕಾಲು ಗಂಟೆಯಿಂದ ಮೂರು ಗಂಟೆಯೊಳಗೆ ನೋವು ನಿಲ್ಲುತ್ತದೆ. ಮರುದಿನ ಅದೇ ಹೊತ್ತಿಗೆ ಮತ್ತೆ ಹಾಜರ್!

ಇದರ ಹೆಸರು ಕ್ಲಸ್ಟರ್ ತಲೆನೋವು. ಸಾವಿರ ಜನರಲ್ಲಿ ಸುಮಾರು ಒಬ್ಬರಿಗೆ ಬರುತ್ತದೆ, ಗಂಡಸರಲ್ಲಿ ಹೆಚ್ಚು.

ಇದು ಹೊಸ ಕಾಯಿಲೆಯಲ್ಲ. 1641ರಲ್ಲಿ ಆಮ್‌ಸ್ಟರ್‌ಡ್ಯಾಮಿನ ವೈದ್ಯ ನಿಕೋಲಾಸ್ ಟುಲ್ಪ್ ತಮ್ಮ ಪುಸ್ತಕದಲ್ಲಿ ಇಂಥ ಒಬ್ಬ ರೋಗಿಯ ಬಗ್ಗೆ ಬರೆದರು. ಬೇಸಿಗೆ ಶುರುವಿನಲ್ಲಿ ಅವನಿಗೆ ದಿನಾ ನಿಗದಿತ ಹೊತ್ತಿಗೆ ತಲೆನೋವು ಬರುತ್ತಿತ್ತು, ಎರಡು ಗಂಟೆ ಮೀರುತ್ತಿದ್ದುದು ಅಪರೂಪ. ಉಳಿದ ಹೊತ್ತು ಜ್ವರವಿಲ್ಲ, ನಾಡಿಯಲ್ಲೂ ದೋಷವಿಲ್ಲ. ನೂರು ವರ್ಷದ ನಂತರ, 1745ರಲ್ಲಿ, ಗೆರಾರ್ಡ್ ವಾನ್ ಸ್ವೀಟನ್ ಎಂಬ ವೈದ್ಯರು ಇನ್ನೊಬ್ಬನ ಕತೆ ಬರೆದರು. ಗಟ್ಟಿಮುಟ್ಟಾದ ನಡುವಯಸ್ಸಿನ ಆಳು, ದಿನವೂ ಒಂದೇ ಹೊತ್ತಿಗೆ ಎಡಗಣ್ಣಿನ ಮೇಲೆ ನೋವು, ಕಣ್ಣೇ ಕಿತ್ತು ಹೊರಬಂದಂಥ ಸಂಕಟ.

ಅಂದರೆ ಕಾಯಿಲೆಯ ಗಡಿಯಾರ ಆಗಲೇ ಕಂಡಿತ್ತು. ಅದಕ್ಕೊಂದು ಹೆಸರು, ಮದ್ದು ಸಿಗಲು ಮತ್ತೆ ಇನ್ನೂರು ವರ್ಷ ಬೇಕಾಯಿತು. 1926ರಲ್ಲಿ ಲಂಡನ್ನಿನ ವಿಲ್‌ಫ್ರೆಡ್ ಹ್ಯಾರಿಸ್, 1939ರಲ್ಲಿ ಅಮೆರಿಕದ ಬೇಯಾರ್ಡ್ ಹಾರ್ಟನ್ ಬೇರೆ ಬೇರೆ ಹೆಸರಿನಲ್ಲಿ ಇದನ್ನು ವಿವರಿಸಿದರು. 1952ರಲ್ಲಿ ಚಾರ್ಲ್ಸ್ ಕಂಕಲ್ 'ಕ್ಲಸ್ಟರ್' ಎಂದರು. ಹಾಗೆಂದರೆ ಗೊಂಚಲು. ಕೆಲವು ವಾರ ನೋವಿನ ಮೇಲೆ ನೋವು ಗೊಂಚಲಾಗಿ ಬಂದು, ಆಮೇಲೆ ಎಷ್ಟೋ ತಿಂಗಳು ಪತ್ತೆಯಿರುವುದಿಲ್ಲ.

ಗಡಿಯಾರ ಇರುವುದಾದರೂ ಎಲ್ಲಿ? 1998ರಲ್ಲಿ ಲಂಡನ್ನಿನ ಸಂಶೋಧಕರು ನೋವು ಬಂದಿರುವಾಗಲೇ ರೋಗಿಗಳ ಮೆದುಳನ್ನು ಸ್ಕ್ಯಾನ್ ಮಾಡಿದರು. ಹೈಪೋಥಾಲಮಸ್ ಎಂಬ ಭಾಗ ಚುರುಕಾಗಿತ್ತು. ನಮ್ಮ ನಿದ್ದೆ-ಎಚ್ಚರದ ಲೆಕ್ಕ ಇಡುವುದೂ ಅದೇ ಜಾಗ.

ಮದ್ದಿನ ಕತೆ ಇನ್ನೂ ಸ್ವಾರಸ್ಯ. 1981ರಲ್ಲಿ ಅಮೆರಿಕದ ಲೀ ಕುಡ್ರೋ ಬರೀ ಆಮ್ಲಜನಕ ಕೊಟ್ಟು ನೋಡಿದರು. ಬಹಳ ಮಂದಿಗೆ ಕಾಲು ಗಂಟೆಯೊಳಗೆ ನೋವು ಇಳಿಯಿತು. 2009ರಲ್ಲಿ ಬ್ರಿಟನ್ನಿನಲ್ಲಿ ಕೆಲವರಿಗೆ ತಿಳಿಸದೆ ಬರೀ ಗಾಳಿ ಕೊಟ್ಟು ಹೋಲಿಸಿದರು. ಮಾಸ್ಕ್ ಮೂಲಕ ನಿಮಿಷಕ್ಕೆ 12 ಲೀಟರ್ ಆಮ್ಲಜನಕ ಕೊಟ್ಟಾಗ ನೂರರಲ್ಲಿ 78 ಸಲ ಕಾಲು ಗಂಟೆಯಲ್ಲೇ ನೋವು ತಗ್ಗಿತು. ಗಾಳಿ ಕೊಟ್ಟಾಗ 20 ಸಲ ಮಾತ್ರ.

ಕೋವಿಡ್ ಕಾಲದಲ್ಲಿ ನಾವೆಲ್ಲ ಹುಡುಕಿ ಅಲೆದ ಅದೇ ಸಿಲಿಂಡರ್ ಇದಕ್ಕೂ ಮದ್ದು. ಸುಮಾಟ್ರಿಪ್ಟಾನ್ ಇಂಜೆಕ್ಷನ್ ಕೂಡ ಇದೆ. ನೋವು ಮತ್ತೆ ಮತ್ತೆ ಬರದಂತೆ ವೆರಪಾಮಿಲ್ ಮಾತ್ರೆ ಕೊಡುತ್ತಾರೆ, ಅದಕ್ಕೆ ಇಸಿಜಿ ನೋಡುತ್ತಿರಬೇಕು. ಸಾಮಾನ್ಯ ನೋವಿನ ಮಾತ್ರೆ ಕೆಲಸ ಶುರುಮಾಡುವಷ್ಟರಲ್ಲಿ ನೋವೇ ಹೋಗಿರುತ್ತದೆ.

ಇಷ್ಟಿದ್ದೂ ಎಷ್ಟೋ ಜನ ಹಲ್ಲುನೋವೆಂದು ಒಳ್ಳೆಯ ಹಲ್ಲು ಕೀಳಿಸಿಕೊಳ್ಳುತ್ತಾರೆ, ಸೈನಸ್ ಎಂದು ವರ್ಷಗಟ್ಟಲೆ ಮಾತ್ರೆ ನುಂಗುತ್ತಾರೆ. ಡಾಕ್ಟರ ಮುಂದೆ ಕೂತಾಗ ನೋವು ಇರುವುದಿಲ್ಲ, ಕಣ್ಣೂ ಸರಿಯಾಗಿರುತ್ತದೆ. ನಂಬುವುದು ಹೇಗೆ?

ಅದಕ್ಕೆ ಒಂದು ಕೆಲಸ ಮಾಡಿ. ನೋವು ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಹೋಯಿತು, ಯಾವ ಕಣ್ಣು ಎಂದು ಬರೆದಿಡಿ. ಮನೆಯವರು ಮೊಬೈಲಿನಲ್ಲಿ ಆ ಕಣ್ಣಿನ ಫೋಟೋ ತೆಗೆಯಲಿ. ಅದನ್ನು ನರರೋಗ ತಜ್ಞರಿಗೆ ತೋರಿಸಿ. ನೋವಿನ ದಿನಗಳಲ್ಲಿ ಮದ್ಯ ಮುಟ್ಟಬೇಡಿ, ಅದು ನೋವನ್ನು ಕರೆತರುತ್ತದೆ. ಆಮ್ಲಜನಕವನ್ನು ಡಾಕ್ಟರು ಹೇಳದೆ ಬಳಸಬೇಡಿ, ಸಿಲಿಂಡರ್ ಹತ್ತಿರ ಬೀಡಿ ಹಚ್ಚಲೇಬೇಡಿ. ಜೀವನದಲ್ಲಿ ಮೊದಲ ಬಾರಿ ಸಿಡಿಲು ಬಡಿದಂತೆ ತಲೆನೋವು ಬಂದರೆ ಮಾತ್ರ ಬರೆಯುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ.

ಟುಲ್ಪ್ ಬಳಿ ಸ್ಕ್ಯಾನ್ ಇರಲಿಲ್ಲ. ರೋಗಿ ಹೇಳಿದ ಹೊತ್ತನ್ನು ಅವರು ಬರೆದಿಟ್ಟುಕೊಂಡರು, ಅಷ್ಟೇ. ಆ ಕೆಲಸ ನಾವೂ ಮಾಡಬಹುದು.