ಬ್ಯಾಟರಿ ಇಲ್ಲದ ಹಳೆ ಸ್ಕೂಟರ್‌ಗೆ ಡಿಜಿಟಲ್ ಮೀಟರ್: ವೈರ್ ಜೋಡಿಸುವ ಮುನ್ನ ಇದು ಗೊತ್ತಿರಲಿ

ದೆಹಲಿಯ ಕರೋಲ್ ಬಾಗ್‌ನಲ್ಲಿ ದ್ವಿಚಕ್ರ ವಾಹನಗಳ ಬಿಡಿಭಾಗ ಮಾರುವ ಅಂಗಡಿಗಳ ಸಾಲೇ ಇದೆ. ಅಲ್ಲಿ ಕೊಂಡ ಡಿಜಿಟಲ್ ಸ್ಪೀಡೋಮೀಟರನ್ನು ಬ್ಯಾಟರಿ ಇಲ್ಲದ ಹಳೆ ಬಜಾಜ್ ಚೇತಕ್‌ನ ಹೆಡ್‌ಲೈಟ್ ವೈರ್‌ಗೆ ನೇರವಾಗಿ ಕೊಟ್ಟರೆ ಸುಟ್ಟುಹೋಗಬಹುದು. ಮ್ಯಾಗ್ನೆಟೊದಿಂದ ಬರುವುದು ಎಸಿ ಕರೆಂಟ್, ಎಂಜಿನ್ ವೇಗಕ್ಕೆ ತಕ್ಕಂತೆ ವೋಲ್ಟೇಜ್ ಏರಿಳಿಯುತ್ತದೆ. ಮೀಟರ್‌ಗೆ ಬೇಕಿರುವುದು ಸ್ಥಿರವಾದ 12 ವೋಲ್ಟ್ ಡಿಸಿ.

ನಿಮ್ಮ ಸ್ಕೂಟರ್ 6 ವೋಲ್ಟ್‌ನದೋ 12 ವೋಲ್ಟ್‌ನದೋ ಮೊದಲು ನೋಡಿ. 12 ಆಗಿದ್ದರೆ ರೆಗ್ಯುಲೇಟರ್-ರೆಕ್ಟಿಫೈಯರ್, ಕೆಪಾಸಿಟರ್, ಫ್ಯೂಸ್ ಹಾಕಿಸಿ. ಕಾಯಿಲ್‌ನ ಒಂದು ತುದಿ ಸ್ಕೂಟರ್ ಬಾಡಿಯಲ್ಲೇ ಅರ್ತ್ ಆಗಿದ್ದರೆ ಬ್ರಿಡ್ಜ್ ರೆಕ್ಟಿಫೈಯರ್‌ನ ನೆಗೆಟಿವ್ ವೈರನ್ನು ಅದೇ ಬಾಡಿಗೆ ಕೊಡಬೇಡಿ, ಶಾರ್ಟ್ ಆಗುತ್ತದೆ. ಸುಲಭವಾಗಿ ಎಡವುವುದು ಇಲ್ಲೇ.

ಎಂಜಿನ್ ನಿಂತರೆ ಮೀಟರ್ ಕೂಡ ಆರುತ್ತದೆ. ಗಡಿಯಾರವೂ ಓಡಬೇಕೆಂದರೆ ಚಿಕ್ಕ ಬ್ಯಾಟರಿಯೇ ಮೇಲು. ಚೇತಕ್‌ನದು 10 ಇಂಚಿನ ಚಕ್ರ. ಬೈಕ್‌ನ 17 ಇಂಚಿನ ಸೆಟ್ಟಿಂಗ್‌ನಲ್ಲೇ ಬಿಟ್ಟರೆ ಮೀಟರ್ ನಿಜಕ್ಕಿಂತ ಹೆಚ್ಚು ವೇಗ ತೋರಿಸುತ್ತದೆ.