ಭಿತ್ತಿಪತ್ರ, ಬಾವುಟ, ಹಾಡು: ರಾಯಚೂರು ಸೀಮೆಯ ವಿಮೋಚನಾ ಹೋರಾಟದ ಪ್ರಚಾರ ಮಾಧ್ಯಮಗಳು

ಎರಡನೆಯ ಮಹಾಯುದ್ಧಾನಂತರದ ಇಟಲಿಯಲ್ಲಿ ಫ್ಯಾಸಿಸಂ ವಿರೋಧಿ ನೆನಪನ್ನು ಜನಮನದಲ್ಲಿ ಜೀವಂತವಾಗಿರಿಸಿದ ಮಾಧ್ಯಮಗಳಲ್ಲಿ ಭಿತ್ತಿಪತ್ರವೂ ಒಂದು. 1946ರ ಜೂನ್ 2ರ ಜನಮತಗಣನೆ ಅಲ್ಲಿ ಅರಸೊತ್ತಿಗೆಯನ್ನು ಕೊನೆಗಾಣಿಸಿತು. 1948ರ ಜನವರಿ 1ರಂದು ಜಾರಿಗೆ ಬಂದ ಸಂವಿಧಾನವು ಫ್ಯಾಸಿಸ್ಟ್ ಪಕ್ಷದ ಪುನರ್‌ರಚನೆಯನ್ನು ನಿಷೇಧಿಸಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ರಾಯಚೂರು, ದೇವದುರ್ಗ, ಮಾನ್ವಿಗಳನ್ನೊಳಗೊಂಡ ಸೀಮೆ ನಿಜಾಮನ ಆಳ್ವಿಕೆಯಿಂದ ಮುಕ್ತವಾಯಿತು. ಇಟಲಿಯ ಭಿತ್ತಿಪತ್ರ ಸರ್ವಾಧಿಕಾರ ಕುಸಿದ ನಂತರ ಬಯಲಿನಲ್ಲಿ ಮಾತನಾಡಿತು. ಇಲ್ಲಿಯ ಪ್ರತಿರೋಧವಾದರೋ ನಿರ್ಬಂಧದ ನಡುವೆಯೇ ಮಾತನಾಡಬೇಕಾಗಿತ್ತು. ಎರಡೂ ಕಡೆಯ ಮಾಧ್ಯಮಗಳ ವ್ಯತ್ಯಾಸಕ್ಕೆ ಇದು ಮುಖ್ಯ ಕಾರಣ.

1938ರಲ್ಲಿ ಹುಟ್ಟಿದ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ಮೇಲಿನ ನಿಷೇಧ ತೆರವಾದದ್ದು 1946ರಲ್ಲಿ. ಆನಂತರ ಕಾಸಿಂ ರಜ್ವಿಯ ನೇತೃತ್ವದ ರಜಾಕಾರರ ಸಶಸ್ತ್ರ ಪಡೆ ಬೆಳೆಯತೊಡಗಿತು. ಆಡಳಿತದ ಭಾಷೆ ಉರ್ದು; ಕನ್ನಡ ಹಳ್ಳಿಗಳಲ್ಲಿ ಅಕ್ಷರಸ್ಥರು ವಿರಳ. ಗೋಡೆಗೆ ಅಂಟಿಸಿದ ಕಾಗದವನ್ನು ಓದುವವರು ಕೆಲವರೇ, ಅಂಟಿಸಿದವರನ್ನು ಹುಡುಕುವವರು ಹಲವರು. ಆದ್ದರಿಂದ ಕಣ್ಣಿಗೆ ಬಾವುಟ, ಕಿವಿಗೆ ಹಾಡು ಭಿತ್ತಿಪತ್ರದ ಕೆಲಸವನ್ನು ಮಾಡಿದವು. 1947ರ ಆಗಸ್ಟಿನಲ್ಲಿ ಸ್ವಾಮಿ ರಮಾನಂದ ತೀರ್ಥರ ಕರೆಯಂತೆ ಸಂಸ್ಥಾನದಲ್ಲಿ ತ್ರಿವರ್ಣ ಧ್ವಜ ಏರಿಸುವುದೇ ಅಪರಾಧವಾಯಿತು. ಅಕ್ಷರ ಬಾರದವನಿಗೂ ಅರ್ಥವಾಗುವ ಘೋಷಣೆ ಅದಾಗಿತ್ತು. ಗಡಿಯಾಚೆ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ ನೇತೃತ್ವದ ಶಿಬಿರ ಹೋರಾಟಕ್ಕೆ ನೆಲೆಯೊದಗಿಸಿತು. ಲಾವಣಿ, ಗೀಗೀಪದಗಳಂತಹ ಪ್ರಕಾರಗಳು ಉತ್ತರ ಕರ್ನಾಟಕದಲ್ಲಿ ಅದಾಗಲೇ ರಾಷ್ಟ್ರೀಯ ಚಳವಳಿಯ ವಾಹಕಗಳಾಗಿದ್ದವು.

ಈ ಹೋರಾಟವನ್ನು ಮತೀಯ ಕಲಹವೆಂದು ಓದುವುದು ತಪ್ಪಾಗುತ್ತದೆ. ರಜಾಕಾರರನ್ನು ಟೀಕಿಸಿದ ಉರ್ದು ಪತ್ರಿಕೆ 'ಇಮ್ರೋಜ್'ನ ಸಂಪಾದಕ ಶೋಯೆಬುಲ್ಲಾ ಖಾನ್ 1948ರ ಆಗಸ್ಟಿನಲ್ಲಿ ಕೊಲೆಯಾದರು. ಈ ಸೀಮೆಯ ಹಳ್ಳಿಗಳಲ್ಲಿ ಹಿಂದೂ ಮುಸ್ಲಿಮರು ಕೂಡಿಯೇ ಹಾಡುವ ಮೊಹರಂ ಪದಗಳು ಕರ್ಬಲಾದ ಯಜೀದನನ್ನು ದಬ್ಬಾಳಿಕೆಯ ಪ್ರತೀಕವಾಗಿ ಚಿತ್ರಿಸುತ್ತವೆ. ದೊರೆಯನ್ನು ಧರ್ಮದಿಂದಲ್ಲ, ನ್ಯಾಯದಿಂದ ಅಳೆಯುವ ದೃಷ್ಟಿ ಜನಪದರಲ್ಲಿ ಮೊದಲೇ ಇದ್ದಿತೆಂಬುದಕ್ಕೆ ಅವು ಸಾಕ್ಷಿ.

ಪೊಲೀಸ್ ಕಾರ್ಯಾಚರಣೆಯ ನಂತರ ಸಂಸ್ಥಾನದಲ್ಲಿ ನಡೆದ ಹಿಂಸೆಯಲ್ಲಿ 27 ಸಾವಿರದಿಂದ 40 ಸಾವಿರ ಜನ ಸತ್ತರೆಂದು ಪಂಡಿತ ಸುಂದರಲಾಲ್ ಸಮಿತಿ ಅಂದಾಜಿಸಿತು. ಸತ್ತವರಲ್ಲಿ ಬಹುಪಾಲು ಮುಸ್ಲಿಮರು. ವಿಮೋಚನೆಯ ನೆನಪಿನಲ್ಲಿ ಈ ನೋವಿಗೂ ಸ್ಥಳವಿರಬೇಕು. ಭಿತ್ತಿಪತ್ರಗಳು ಸಂಗ್ರಹಾಲಯ ಸೇರಬಲ್ಲವು. ಹಾಡುಗಳು ಹಾಡುವವರೊಂದಿಗೆ ಮರೆಯಾಗುತ್ತವೆ. ರಾಯಚೂರು, ದೇವದುರ್ಗ, ಮಾನ್ವಿಗಳ ಹಿರಿಯರ ಕಂಠಸ್ಥ ಪರಂಪರೆಯನ್ನು ದಾಖಲಿಸುವುದು ಆದ್ದರಿಂದ ಜಾನಪದ ಅಧ್ಯಯನದಷ್ಟೇ ಇತಿಹಾಸದ ಹೊಣೆಯೂ ಆಗಿದೆ.