ಕ್ಲಿಕೋ ದ್ರಾಕ್ಷಾಸವಶಾಲೆಯ ಇತಿಹಾಸ

ಫ್ರಾನ್ಸ್ ದೇಶದ ಶಾಂಪೇನ್ ಪ್ರಾಂತದಲ್ಲಿರುವ ರೀಮ್ಸ್ ಪಟ್ಟಣದಲ್ಲಿ ಫಿಲಿಪ್ ಕ್ಲಿಕೋ ಎಂಬ ಬಟ್ಟೆಯ ವರ್ತಕನು ಕ್ರಿ. ಶ. ೧೭೭೨ರಲ್ಲಿ ದ್ರಾಕ್ಷಾಸವದ ವ್ಯಾಪಾರವನ್ನಾರಂಭಿಸಿದನು. ೧೮೦೫ರಲ್ಲಿ ಆತನ ಮಗನಾದ ಫ್ರಾಂಸ್ವಾ ಅಕಾಲದಲ್ಲಿ ಮೃತನಾಗಲು, ೨೭ ವರ್ಷ ವಯಸ್ಸಿನ ಸೊಸೆ ಬಾರ್ಬ್ ನಿಕೋಲ್ ಮಾವನ ಒಪ್ಪಿಗೆಯನ್ನು ಪಡೆದು ವ್ಯವಹಾರವನ್ನು ವಹಿಸಿಕೊಂಡಳು.

ಇದು ಹೇಗೆ ಸಾಧ್ಯವಾಯಿತೆಂಬುದು ವಿಚಾರಾರ್ಹವಾಗಿದೆ. ೧೮೦೪ರ ನೆಪೋಲಿಯನ್ನನ ನ್ಯಾಯಸಂಹಿತೆಯ ಪ್ರಕಾರ ಸಧವೆಯು ಪತಿಯ ಅನುಮತಿಯಿಲ್ಲದೆ ಕರಾರು ಮಾಡುವಂತಿರಲಿಲ್ಲ. ವಿಧವೆಗಾದರೋ ಆ ನಿರ್ಬಂಧವಿರಲಿಲ್ಲ. ೧೮೧೦ರಲ್ಲಿ ಸಂಸ್ಥೆಗೆ ‘ವೆವ್ ಕ್ಲಿಕೋ ಪೊಂಸಾರ್ದಾಂ’ ಎಂದು ಹೆಸರಾಯಿತು. ‘ವೆವ್’ ಎಂದರೆ ವಿಧವೆ. ಈ ಶಬ್ದವು ಲ್ಯಾಟಿನ್ನಿನ ‘ವಿದುವಾ’ ಎಂಬುದರಿಂದ ಬಂದುದು. ಸಂಸ್ಕೃತದ ‘ವಿಧವಾ’ ಶಬ್ದಕ್ಕೆ ಸಜಾತೀಯವಾದುದು. ಶೋಕಸೂಚಕವಾದ ಪದವೇ ಅಲ್ಲಿ ಅಧಿಕಾರಸೂಚಕವಾಯಿತು.

೧೮೧೪ರಲ್ಲಿ ಯುದ್ಧವು ನಿಲ್ಲುತ್ತಲೇ ಆಕೆ ಪ್ರತಿಸ್ಪರ್ಧಿಗಳಿಗಿಂತ ಮೊದಲು ೧೮೧೧ರ ಬೆಳೆಯ ಆಸವವನ್ನು ಹಡಗಿನ ಮೂಲಕ ರಷ್ಯಾಕ್ಕೆ ಕಳುಹಿಸಿ ಕೀರ್ತಿಗಳಿಸಿದಳು. ಆದರೆ ಸೀಸೆಯೊಳಗೆ ಎರಡನೆಯ ಬಾರಿ ಹುದುಗಿದಾಗ ಉಳಿಯುವ ಗಷ್ಟನ್ನು ನೊರೆ ಕೆಡದಂತೆ ತೆಗೆಯುವುದು ಕಷ್ಟವಾಗಿತ್ತು. ೧೮೧೬ರ ಸುಮಾರಿಗೆ, ರಂಧ್ರಗಳುಳ್ಳ ಮೇಜಿನಲ್ಲಿ ಸೀಸೆಗಳನ್ನು ಅಧೋಮುಖವಾಗಿಟ್ಟು ದಿನದಿನವೂ ತುಸುತುಸುವೇ ತಿರುಗಿಸುವ ಕ್ರಮವು ಆಕೆಯ ನೆಲಮಾಳಿಗೆಯಲ್ಲಿ ಬಳಕೆಗೆ ಬಂದಿತು. ಗಷ್ಟು ಬಿರಡೆಯ ಬಳಿ ಸೇರುವುದು. ಬಿರಡೆಯನ್ನು ತೆಗೆದೊಡನೆ ಹೊರಬೀಳುವುದು. ಆಸವವು ತಿಳಿಯಾಗುವುದು. ಇತರ ಆಸವಶಾಲೆಗಳೂ ಈ ಕ್ರಮವನ್ನು ಅನುಸರಿಸಿದವು.

೧೮೬೬ರಲ್ಲಿ ಆಕೆ ಕಾಲವಾಗಲು, ಪಾಲುದಾರನಾದ ಎದುವಾರ್ ವೆರ್ಲೆ ಸಂಸ್ಥೆಯನ್ನು ನಡೆಸಿದನು. ಈಗ ಅದು ೧೯೮೭ರಲ್ಲಿ ಸ್ಥಾಪಿತವಾದ ಎಲ್‌ವಿಎಂಎಚ್ ಸಮೂಹಕ್ಕೆ ಸೇರಿದೆ. ಒಡೆಯರು ಬದಲಾದರೂ ‘ವೆವ್’ ಎಂಬ ಪದವನ್ನು ಯಾರೂ ಅಳಿಸಲಿಲ್ಲ. ಶಬ್ದವೊಂದರ ಗೌರವವು ಅದರ ಧಾತುವಿನಲ್ಲಿಲ್ಲ, ಅದನ್ನು ಧರಿಸಿದವರ ಕಾರ್ಯದಲ್ಲಿದೆಯೆಂಬುದಕ್ಕೆ ಇದೊಂದು ನಿದರ್ಶನ.